ಮೊಬೈಲಿನ ಮಾತು: ಕಾನೂನಿನ ಹದ್ದು ಮತ್ತು ನಮ್ಮ ಅಮಾನತ್

(ಯಾದಗಿರಿ, ಶಹಾಪುರ ಮತ್ತು ಸುರಪುರ ಭಾಗದ ಜುಮಾ ಪ್ರವಚನದ ಸಾರ)

ಸರ್ವಸ್ತುತಿಯೂ ಅಲ್ಲಾಹನಿಗೆ. ಅವನ ಅಂತಿಮ ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬ ಮತ್ತು ಸಂಗಾತಿಗಳ ಮೇಲೆ ಶಾಂತಿ ಇರಲಿ.



ಇಂದು ನಾವು ನಾಲಿಗೆಯ ಬಗ್ಗೆ ಮಾತನಾಡಲಿದ್ದೇವೆ. ಈ ಕಾಲದಲ್ಲಿ ನಾಲಿಗೆ ಬಾಯಲ್ಲಿ ಮಾತ್ರ ಇಲ್ಲ, ಬೆರಳ ತುದಿಯಲ್ಲಿಯೂ ಇದೆ. ಮನುಷ್ಯ ಆಡುವ ಒಂದೊಂದು ಮಾತನ್ನೂ ದಾಖಲಿಸಲು ಕಾವಲುಗಾರನೊಬ್ಬ ಸಿದ್ಧನಾಗಿರುತ್ತಾನೆಂದು ಸೂರಃ ಕಾಫ್‌ನ 18ನೇ ವಚನ ನಮಗೆ ಎಚ್ಚರಿಸಿದೆ. ಸ್ಟೇಟಸ್ ಇಪ್ಪತ್ತನಾಲ್ಕು ಗಂಟೆಯಲ್ಲಿ ಅಳಿಸಿಹೋಗುತ್ತದೆಂದು ನಮ್ಮ ಹುಡುಗರು ತಿಳಿದಿದ್ದಾರೆ. ಆ ಕಾವಲುಗಾರನ ಪುಸ್ತಕದಿಂದ ಅದು ಅಳಿಯುವುದಿಲ್ಲ. ಠಾಣೆಯ ಕಡತದಿಂದಲೂ ಅಷ್ಟು ಸುಲಭವಾಗಿ ಅಳಿಯುವುದಿಲ್ಲ.

ಈ ವಿಷಯದಲ್ಲಿ ನಮ್ಮ ಸಮುದಾಯದ ಮುಂದೆ ಎರಡು ನೋವುಗಳಿವೆ. ಮೊದಲನೆಯದು, ನಮ್ಮ ಹೆಣ್ಣುಮಕ್ಕಳ ಚಿತ್ರ ಕದ್ದು, ತಿರುಚಿ, ನಕಲಿ ಖಾತೆ ತೆರೆದು ಅವರ ಮಾನವನ್ನು ಬೀದಿಗೆ ತರುವವರಿದ್ದಾರೆ. ಇದಕ್ಕೆ ಬಿಗಿಯಾದ ಕಾನೂನು ಬೇಕೆಂದು ನಾವು ಕೇಳುತ್ತೇವೆ. ಎರಡನೆಯದು, ಸರ್ಕಾರವನ್ನು ಟೀಕಿಸಿದ, ಒಂದು ಕವನ ಹಂಚಿದ, ಒಂದು ನಾಟಕ ಆಡಿದ ಕಾರಣಕ್ಕೆ ನಮ್ಮವರ ಮೇಲೆ ಮೊಕದ್ದಮೆಗಳು ಬೀಳುತ್ತವೆ. ಆಗ ಮಾತಿಗೆ ಸ್ವಾತಂತ್ರ್ಯ ಬೇಕೆಂದು ಕೇಳುತ್ತೇವೆ. ಒಂದೇ ಬಾಯಲ್ಲಿ ಎರಡು ಮಾತೇ ಇದು ಎಂದು ಕೆಲವರು ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ. ನಮ್ಮ ಕೈಯಲ್ಲಿ ಎರಡು ತಕ್ಕಡಿಗಳಿದ್ದರೆ ಅದು ನಿಜಕ್ಕೂ ಎರಡು ಮಾತೇ ಆಗುತ್ತದೆ. ತಕ್ಕಡಿ ಒಂದೇ ಆಗಿದ್ದರೆ ಎರಡೂ ಬೇಡಿಕೆಗಳು ನ್ಯಾಯವಾದವು. ಆ ತಕ್ಕಡಿ ಯಾವುದು ಎಂಬುದೇ ಇಂದಿನ ವಿಷಯ.

ಮಾನದ ಬೆಲೆ

ಹಿಜರಿಯ ಆರಂಭದ ವರ್ಷಗಳಲ್ಲಿ ಮದೀನಾದಲ್ಲಿ ನಡೆದ 'ಇಫ್ಕ್' ಘಟನೆಯನ್ನು ನೀವೆಲ್ಲ ಕೇಳಿದ್ದೀರಿ. ದಂಡಯಾತ್ರೆಯಿಂದ ಮರಳುವಾಗ ಕಳೆದುಹೋದ ಹಾರ ಹುಡುಕುತ್ತ ಹಿಂದುಳಿದ ಹಝ್ರತ್ ಆಯಿಶಾ(ರ)ರನ್ನು ಸಫ್ವಾನ್(ರ) ಗೌರವದಿಂದ ಕರೆತಂದರು. ನಡೆದದ್ದು ಇಷ್ಟೇ. ಕಪಟಿಗಳು ಇದರಿಂದ ಒಂದು ಕಥೆ ಹುಟ್ಟಿಸಿದರು. ಅದು ಕಿವಿಯಿಂದ ಕಿವಿಗೆ ಹರಿಯಿತು. ಒಳ್ಳೆಯ ಜನರ ಬಾಯಿಗೂ ಬಂತು. ಸುಮಾರು ಒಂದು ತಿಂಗಳ ಕಾಲ ಆ ಮನೆ ಬೆಂದುಹೋಯಿತು. ಕೊನೆಗೆ ಸೂರಃ ನೂರ್‌ನ ವಚನಗಳು ಇಳಿದು ಅವರ ಪಾವಿತ್ರ್ಯ ಸಾರಿದವು.

ಆ ವಚನಗಳಲ್ಲಿ ಅಲ್ಲಾಹನು ಕಥೆ ಹುಟ್ಟಿಸಿದವರನ್ನು ಮಾತ್ರ ಗದರಿಸಲಿಲ್ಲ. ತಿಳಿವಳಿಕೆ ಇಲ್ಲದ ಸಂಗತಿಯನ್ನು ನಾಲಿಗೆಯಿಂದ ನಾಲಿಗೆಗೆ ದಾಟಿಸಿದವರನ್ನೂ ಗದರಿಸಿದನು. ಅವರು ಅದನ್ನು ಸಣ್ಣ ವಿಷಯವೆಂದು ತಿಳಿದಿದ್ದರು. ಅಲ್ಲಾಹನ ಬಳಿ ಅದು ಬಹಳ ದೊಡ್ಡದಾಗಿತ್ತು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅವರು ಫಾರ್ವರ್ಡ್ ಮಾಡಿದವರು. "ನಾನು ಬರೆದಿಲ್ಲ, ಬಂದದ್ದನ್ನು ಕಳಿಸಿದೆ ಅಷ್ಟೇ" ಎಂಬ ಸಬೂಬು ಅಲ್ಲಿ ನಡೆಯಲಿಲ್ಲ. ಕೇಳಿದ್ದನ್ನೆಲ್ಲ ಹೇಳುತ್ತ ಹೋಗುವುದೇ ಒಬ್ಬ ಮನುಷ್ಯ ಸುಳ್ಳುಗಾರನಾಗಲು ಸಾಕು ಎಂಬರ್ಥದ ಪ್ರವಾದಿ ವಚನ ಸಹೀಹ್ ಮುಸ್ಲಿಮ್‌ನಲ್ಲಿದೆ.

ನಮ್ಮ ಕಾಲದ ಇಫ್ಕ್ ಹೇಗಿರುತ್ತದೆಂದು ನಾವು ಕಂಡಿದ್ದೇವೆ. 2021ರ ಜುಲೈನಲ್ಲಿ ಇಂಟರ್‌ನೆಟ್ಟಿನಲ್ಲಿ ಒಂದು ಆ್ಯಪ್ ಕಾಣಿಸಿಕೊಂಡಿತು. ಮುಸ್ಲಿಮ್ ಮಹಿಳೆಯರ ಚಿತ್ರಗಳನ್ನು ಅವರ ಖಾತೆಗಳಿಂದ ಕದ್ದು 'ಹರಾಜಿಗೆ' ಇಡಲಾಗಿತ್ತು. ದೂರು ದಾಖಲಾದರೂ ಆರು ತಿಂಗಳ ತನಕ ಬಂಧನವಾಗಲಿಲ್ಲ. 2022ರ ಜನವರಿ 1ರಂದು ಅದೇ ರೀತಿಯ ಇನ್ನೊಂದು ಆ್ಯಪ್ ಬಂತು. ಪತ್ರಕರ್ತೆಯರು, ವಿದ್ಯಾರ್ಥಿನಿಯರು, ಹೋರಾಟಗಾರ್ತಿಯರು, ಹೀಗೆ ಬಾಯಿಬಿಟ್ಟು ಮಾತಾಡುವ ಹೆಣ್ಣುಮಕ್ಕಳೇ ಅದರ ಗುರಿಯಾಗಿದ್ದರು. ಆಗ ಮುಂಬೈ ಪೊಲೀಸರು ಬೆಂಗಳೂರಿನಿಂದ ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿಯನ್ನು ಬಂಧಿಸಿದರು. ಆ ಪ್ರಕರಣದಲ್ಲಿ ಬಂಧಿತರಾದವರಲ್ಲಿ ಹೆಚ್ಚಿನವರು ಇಪ್ಪತ್ತರ ಆಸುಪಾಸಿನವರು.

ಇದನ್ನು ಯಾರಾದರೂ ವಾಕ್ ಸ್ವಾತಂತ್ರ್ಯವೆಂದು ಕರೆಯಬಹುದೇ? ಇಲ್ಲಿ ಅಭಿಪ್ರಾಯ ಯಾವುದಿತ್ತು? ಮಾತಾಡುವ ಹೆಣ್ಣುಮಕ್ಕಳ ಬಾಯಿ ಮುಚ್ಚಿಸುವುದೇ ಇದರ ಉದ್ದೇಶವಾಗಿತ್ತು. ಮಾತಿನ ಹೆಸರಿನಲ್ಲಿ ಇನ್ನೊಬ್ಬರ ಮಾತು ಕಿತ್ತುಕೊಳ್ಳುವುದೇ ಸೈಬರ್ ಕಿರುಕುಳ. ಆದ್ದರಿಂದ ಇದನ್ನು ತಡೆಯುವ ಕಾನೂನು ಮಾತಿನ ಶತ್ರುವಲ್ಲ. ಸರಿಯಾಗಿ ಬಳಸಿದರೆ ಅದು ಮಾತಿನ ಕಾವಲುಗಾರ.

ಕಾನೂನಿನಲ್ಲಿ ಏನಿದೆ?

'ಸೈಬರ್ ಬುಲ್ಲಿಯಿಂಗ್' ಎಂಬ ಹೆಸರಿನ ಪ್ರತ್ಯೇಕ ಕಾನೂನು ನಮ್ಮ ದೇಶದಲ್ಲಿಲ್ಲ. ಹಾಗೆಂದು ಕೈಕಟ್ಟಿ ಕೂರಬೇಕಾಗಿಯೂ ಇಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ ಒಲ್ಲೆನೆಂದ ಹೆಣ್ಣುಮಗಳ ಬೆನ್ನು ಬೀಳುವುದನ್ನೂ, ಆಕೆಯ ಇಂಟರ್‌ನೆಟ್ ಬಳಕೆಯ ಮೇಲೆ ಕಣ್ಣಿಡುವುದನ್ನೂ ಅಪರಾಧವೆನ್ನುತ್ತದೆ. ಮೊದಲ ಸಲಕ್ಕೆ ಮೂರು ವರ್ಷದವರೆಗೆ, ಮತ್ತೆ ಮಾಡಿದರೆ ಐದು ವರ್ಷದವರೆಗೆ ಜೈಲು. 79ನೇ ಕಲಂ ಮಹಿಳೆಯ ಮಾನಕ್ಕೆ ಕುಂದು ತರುವ ಮಾತು, ಸನ್ನೆ, ಚಿತ್ರಗಳಿಗೆ ಸಂಬಂಧಿಸಿದ್ದು. 351ನೇ ಕಲಂ ಬೆದರಿಕೆಗೆ. ಹೆಸರು ಮರೆಮಾಚಿ ಬೆದರಿಸಿದರೆ ಶಿಕ್ಷೆ ಇನ್ನೂ ಹೆಚ್ಚು.

ಇದರ ಜೊತೆಗೆ ಮಾಹಿತಿ ತಂತ್ರಜ್ಞಾನ ಕಾಯ್ದೆ ಇದೆ. ಬೇರೆಯವರ ಪಾಸ್‌ವರ್ಡ್ ಅಥವಾ ಡಿಜಿಟಲ್ ಗುರುತು ಕದಿಯುವುದಕ್ಕೆ 66ಸಿ, ಬೇರೆಯವರ ಸೋಗಿನಲ್ಲಿ ಮೋಸ ಮಾಡುವುದಕ್ಕೆ 66ಡಿ, ಖಾಸಗಿ ಅಂಗಗಳ ಚಿತ್ರ ಹರಡುವುದಕ್ಕೆ 66ಇ, ಅಶ್ಲೀಲ ಚಿತ್ರಗಳಿಗೆ 67 ಮತ್ತು 67ಎ, ಮಕ್ಕಳನ್ನು ಅಂಥ ಚಿತ್ರಗಳಲ್ಲಿ ತೋರಿಸಿದರೆ 67ಬಿ. ಮಕ್ಕಳ ವಿಷಯದಲ್ಲಿ ಪೋಕ್ಸೋ ಕಾಯ್ದೆಯೂ ಸೇರುತ್ತದೆ. 2021ರಲ್ಲಿ ಬಂದ ಕೇಂದ್ರದ ನಿಯಮಗಳು ನಗ್ನ ಅಥವಾ ತಿರುಚಿದ ಚಿತ್ರದ ಬಗ್ಗೆ ದೂರು ಬಂದರೆ 24 ಗಂಟೆಯೊಳಗೆ ತೆಗೆಯಬೇಕೆಂದು ಸಾಮಾಜಿಕ ಜಾಲತಾಣದ ಕಂಪನಿಗಳಿಗೆ ವಿಧಿಸಿದವು.

ಈ ಕಲಂಗಳನ್ನು ಗಮನವಿಟ್ಟು ನೋಡಿ. ಬೆದರಿಕೆ, ಬೆನ್ನು ಬೀಳುವುದು, ಗುರುತಿನ ಕಳ್ಳತನ, ಚಿತ್ರ ಹರಡುವುದು ಎಂದು ಒಂದೊಂದೂ ಒಂದು ಕೃತ್ಯವನ್ನು ಹೆಸರಿಟ್ಟು ಹೇಳುತ್ತದೆ. ಇಂಥದ್ದು ಮಾಡಿದರೆ ಅಪರಾಧ ಎಂಬುದು ಮೊದಲೇ ತಿಳಿದಿರುತ್ತದೆ. ಕಾನೂನು ಹೀಗೆ ಸ್ಪಷ್ಟವಾಗಿದ್ದರೆ ಬಡವನಿಗೂ ಅದು ಆಸರೆ.

ಕಾನೂನು ಮಸುಕಾದಾಗ

ಕಾನೂನು ಮಸುಕಾಗಿದ್ದರೆ ಏನಾಗುತ್ತದೆಂಬುದನ್ನೂ ನೋಡಿದ್ದೇವೆ. ಇದೇ ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ ಹಿಂದೆ 66ಎ ಎಂಬ ಕಲಂ ಇತ್ತು. 2009ರಲ್ಲಿ ಜಾರಿಗೆ ಬಂದಿತ್ತು. ಕಿರುಕುಳ ತಡೆಯುವುದೇ ಅದರ ಉದ್ದೇಶವೆಂದು ಹೇಳಲಾಗಿತ್ತು. ಆದರೆ ಕಿರಿಕಿರಿ, ಅನಾನುಕೂಲ, ಅವಹೇಳನ ಎಂಬ ಪದಗಳನ್ನು ಅದರಲ್ಲಿ ಅರ್ಥ ವಿವರಿಸದೆ ಬಿಡಲಾಗಿತ್ತು. ಶಿಕ್ಷೆ ಮೂರು ವರ್ಷದವರೆಗೆ. ಯಾರಿಗೆ ಯಾವಾಗ ಕಿರಿಕಿರಿಯಾದೀತೆಂದು ಯಾರು ಬಲ್ಲರು?

2012ರ ನವೆಂಬರಿನಲ್ಲಿ ಬಾಳ ಠಾಕ್ರೆ ನಿಧನರಾದಾಗ ಮುಂಬೈ ಬಂದ್ ಆಯಿತು. ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಒಬ್ಬ ಯುವತಿ ಬಂದ್ ಬಗ್ಗೆ ಫೇಸ್‌ಬುಕ್ಕಿನಲ್ಲಿ ಪ್ರಶ್ನೆ ಎತ್ತಿದಳು. ಇನ್ನೊಬ್ಬ ಯುವತಿ ಅದಕ್ಕೆ ಲೈಕ್ ಒತ್ತಿದಳು. ಇಬ್ಬರನ್ನೂ ಬಂಧಿಸಲಾಯಿತು. ಬರೆದಾಕೆಯ ಚಿಕ್ಕಪ್ಪನ ಆಸ್ಪತ್ರೆಗೆ ಗುಂಪು ನುಗ್ಗಿ ಧ್ವಂಸ ಮಾಡಿತು. ಅದನ್ನು ನೋಡಿ ಶ್ರೇಯಾ ಸಿಂಘಾಲ್ ಎಂಬ ಕಾನೂನು ವಿದ್ಯಾರ್ಥಿನಿ ಸುಪ್ರೀಂ ಕೋರ್ಟಿಗೆ ಹೋದಳು. 2015ರ ಮಾರ್ಚ್ 24ರಂದು ನ್ಯಾಯಮೂರ್ತಿಗಳಾದ ಚೆಲಮೇಶ್ವರ್ ಮತ್ತು ನಾರಿಮನ್ ಅವರ ಪೀಠ 66ಎ ಕಲಮನ್ನು ಪೂರ್ತಿ ರದ್ದು ಮಾಡಿತು.

ಆ ತೀರ್ಪು ಮಾತನ್ನು ಮೂರು ಮೆಟ್ಟಿಲಾಗಿ ವಿಂಗಡಿಸಿತು. ಒಂದು ಚರ್ಚೆ, ಎರಡು ವಾದ ಮಂಡನೆ, ಮೂರು ಪ್ರಚೋದನೆ. ಮೊದಲ ಎರಡು ಕೇಳುವವನಿಗೆ ಎಷ್ಟೇ ಕಹಿಯಾಗಿದ್ದರೂ ಅವು ಸ್ವಾತಂತ್ರ್ಯದ ಒಳಗಿವೆ. ಮಾತು ಮೂರನೇ ಮೆಟ್ಟಿಲಿಗೆ ಬಂದಾಗ ಸರ್ಕಾರ ಕೈ ಹಾಕಬಹುದು. ಸಂವಿಧಾನದ 19ನೇ ವಿಧಿಯೂ ಹೀಗೆಯೇ ಇದೆ. ಮೊದಲು ಹಕ್ಕನ್ನು ಕೊಟ್ಟು, ನಂತರ ದೇಶದ ಭದ್ರತೆ, ಸಾರ್ವಜನಿಕ ಶಾಂತಿ, ಸಭ್ಯತೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ ಮುಂತಾದ ಎಣಿಕೆಯ ಕಾರಣಗಳಿಗೆ ಮಾತ್ರ ಮಿತಿ ಹಾಕಿದೆ. 'ಕಿರಿಕಿರಿ' ಎಂಬುದು ಆ ಪಟ್ಟಿಯಲ್ಲಿಲ್ಲ.

ಅಷ್ಟಾದರೂ ಸತ್ತ ಕಲಂ ಠಾಣೆಗಳಲ್ಲಿ ಉಸಿರಾಡುತ್ತಲೇ ಇತ್ತು. ವರ್ಷಗಳ ನಂತರವೂ ಅದರಡಿ ಮೊಕದ್ದಮೆ ದಾಖಲಾಗುತ್ತಿರುವುದನ್ನು ಕಂಡು 2021ರಲ್ಲಿ ಸುಪ್ರೀಂ ಕೋರ್ಟ್ ಆಘಾತ ವ್ಯಕ್ತಪಡಿಸಿತು. 2022ರ ಅಕ್ಟೋಬರಿನಲ್ಲಿ ಅಂಥ ಮೊಕದ್ದಮೆ ಯಾರ ಮೇಲೂ ನಡೆಯಕೂಡದೆಂದು ಮತ್ತೆ ಆದೇಶಿಸಬೇಕಾಯಿತು.

ನಮ್ಮ ನೆರೆಯ ಬೀದರ್‌ನ ಘಟನೆ ಇದಕ್ಕಿಂತ ಹತ್ತಿರದ್ದು. 2020ರ ಜನವರಿಯಲ್ಲಿ ಶಾಹೀನ್ ಶಾಲೆಯ ಮಕ್ಕಳು ಪೌರತ್ವ ತಿದ್ದುಪಡಿ ಕಾಯ್ದೆಯ ಬಗ್ಗೆ ಒಂದು ನಾಟಕ ಆಡಿದರು. ಅದರ ವಿಡಿಯೊ ಫೇಸ್‌ಬುಕ್ಕಿಗೆ ಬಂತು. ದೂರು ಬಂತು. ರಾಜದ್ರೋಹದ ಮೊಕದ್ದಮೆ ಬಿತ್ತು. ಒಬ್ಬ ಶಿಕ್ಷಕಿ ಮತ್ತು ಒಂದು ಮಗುವಿನ ತಾಯಿ ಸುಮಾರು ಎರಡು ವಾರ ಜೈಲಿನಲ್ಲಿದ್ದರು. ಪೊಲೀಸರು ಸಮವಸ್ತ್ರದಲ್ಲಿ ಬಂದು ಎಳೆಯ ಮಕ್ಕಳನ್ನು ವಿಚಾರಿಸಿದರು. ಅದು ಮಕ್ಕಳ ಹಕ್ಕಿನ ಉಲ್ಲಂಘನೆಯೆಂದು 2021ರಲ್ಲಿ ಹೈಕೋರ್ಟ್ ಮೇಲ್ನೋಟಕ್ಕೆ ಅಭಿಪ್ರಾಯಪಟ್ಟಿತು. 2023ರ ಜೂನ್‌ನಲ್ಲಿ ನಮ್ಮ ಭಾಗದ್ದೇ ಆದ ಕಲಬುರಗಿ ಪೀಠ ಶಾಲೆಯ ಆಡಳಿತದವರ ಮೇಲಿನ ಮೊಕದ್ದಮೆ ರದ್ದುಪಡಿಸಿತು. ನಾಟಕದಿಂದ ಹಿಂಸೆಗೆ ಪ್ರಚೋದನೆಯಾಗಿಲ್ಲ, ಆದ್ದರಿಂದ ರಾಜದ್ರೋಹವಿಲ್ಲ ಎಂದಿತು. ಹಾಗೆಯೇ ದೇಶದ ಪ್ರಧಾನಿಯ ಬಗ್ಗೆ ಬಳಸಿದ ಮಾತು ಅವಹೇಳನಕಾರಿ, ಬೇಜವಾಬ್ದಾರಿಯದು ಎಂದೂ ಹೇಳಿತು. ಮಕ್ಕಳನ್ನು ಇಂಥ ವಿಷಯಕ್ಕೆ ಎಳೆಯಬಾರದೆಂಬ ಕಿವಿಮಾತನ್ನೂ ಹೇಳಿತು.

ಈ ಎರಡು ಮಾತನ್ನೂ ನಾವು ಒಟ್ಟಿಗೆ ಕೇಳಿಸಿಕೊಳ್ಳಬೇಕು. ಒಂದು ಮಾತು ಅಪರಾಧವಲ್ಲ ಎಂದರೆ ಅದು ಒಳ್ಳೆಯ ಮಾತು ಎಂದು ಅರ್ಥವಲ್ಲ. ಕೆಟ್ಟ ಮಾತು ಎಂದ ಮಾತ್ರಕ್ಕೆ ಅದು ಜೈಲಿಗೆ ಹಾಕುವ ಅಪರಾಧವೂ ಅಲ್ಲ. ಕಾನೂನು ಕೇಳುವ ಪ್ರಶ್ನೆ ಬೇರೆ, ಅಲ್ಲಾಹನು ಕೇಳುವ ಪ್ರಶ್ನೆ ಬೇರೆ. ಕಾನೂನು ಅಂಗಳದ ಬೇಲಿ. ಅಖ್ಲಾಕ್ ಮನೆಯೊಳಗಿನ ನಡೆ. ಮನೆಯೊಳಗಿನ ನಡೆಗೆಲ್ಲ ಬೇಲಿ ಹಾಕಲು ಹೊರಟರೆ ಉಸಿರಾಡಲು ಜಾಗವಿರುವುದಿಲ್ಲ.

ಮೂರು ಪ್ರಶ್ನೆಗಳು

ಹಾಗಾದರೆ ಯಾವ ಮಾತಿಗೆ ಕಾನೂನು ಕರೆಯಬೇಕು, ಯಾವುದಕ್ಕೆ ಬೇಡ? ಮೂರು ಪ್ರಶ್ನೆ ಕೇಳಿಕೊಳ್ಳೋಣ.

ಮೊದಲನೆಯದು, ಈ ಮಾತು ಯಾರ ಮೇಲೆ? ಆಳುವವರ ಮೇಲೆಯೋ, ಒಂದು ನೀತಿಯ ಮೇಲೆಯೋ, ಅಥವಾ ತನ್ನ ಪಾಡಿಗೆ ತಾನಿದ್ದ ಒಬ್ಬ ವ್ಯಕ್ತಿಯ ಮೇಲೆಯೋ? ಹಝ್ರತ್ ಅಬೂಬಕರ್(ರ) ಖಲೀಫರಾದ ದಿನ ಮಾಡಿದ ಮೊದಲ ಭಾಷಣದಲ್ಲಿ ತಾವು ಸರಿಯಾಗಿ ನಡೆದರೆ ನೆರವಾಗಿ, ತಪ್ಪಿದರೆ ತಿದ್ದಿ ಎಂದು ಜನರನ್ನೇ ಕೇಳಿಕೊಂಡರು. ಅನ್ಯಾಯಗಾರ ಆಡಳಿತಗಾರನ ಮುಂದೆ ಸತ್ಯ ನುಡಿಯುವುದು ಶ್ರೇಷ್ಠ ಜಿಹಾದ್ ಎಂದು ಪ್ರವಾದಿ(ಸ)ರು ಕಲಿಸಿದರು. ಅಧಿಕಾರ ಹಿಡಿದವನು ಟೀಕೆ ಸಹಿಸಬೇಕು. ಹಾಸ್ಟೆಲಿನಲ್ಲಿ ಓದುತ್ತಿರುವ ಹುಡುಗಿ ಅವಮಾನ ಸಹಿಸಬೇಕಾಗಿಲ್ಲ.

ಎರಡನೆಯದು, ಮಾತಿನಲ್ಲಿ ಏನಿದೆ? ನಮಗೆ ಹಿಡಿಸದ ಅಭಿಪ್ರಾಯವೋ, ಅಥವಾ ಬೆದರಿಕೆ, ಕದ್ದ ಚಿತ್ರ, ಸುಳ್ಳು ಆರೋಪ, ಬಿಡದೆ ಬೆನ್ನುಬೀಳುವಿಕೆ, ಹೊಡೆಯಿರಿ ಎಂಬ ಕರೆಯೋ? ಸೂರಃ ನೂರ್‌ನ 4ನೇ ವಚನ ಶೀಲವತಿಯ ಮೇಲೆ ಆರೋಪ ಹೊರಿಸಿ ನಾಲ್ಕು ಸಾಕ್ಷಿ ತರದವನಿಗೆ ಶಿಕ್ಷೆ ವಿಧಿಸಿತು. ಗಮನಿಸಿ, ಆ ಶಿಕ್ಷೆ ಒಂದು ನಿರ್ದಿಷ್ಟ ಸುಳ್ಳಿಗೆ. ಮನಸ್ಸಿಗೆ ನೋವಾಯಿತು ಎಂಬುದಕ್ಕಷ್ಟೇ ಅಲ್ಲ.

ಮೂರನೆಯದು, ತೀರ್ಮಾನಿಸುವವರು ಯಾರು, ಯಾವ ಪುರಾವೆಯ ಮೇಲೆ? ಸುದ್ದಿ ಬಂದಾಗ ಮೊದಲು ವಿಚಾರಿಸಿ, ತಿಳಿಯದೆ ಒಂದು ಜನರಿಗೆ ಹಾನಿ ಮಾಡಿ ಆಮೇಲೆ ಪಶ್ಚಾತ್ತಾಪಪಡುವಂತಾಗಬಾರದೆಂದು ಸೂರಃ ಹುಜುರಾತ್‌ನ 6ನೇ ವಚನ ಆಜ್ಞಾಪಿಸಿದೆ. 2025ರ ಮಾರ್ಚ್ 28ರಂದು ಸುಪ್ರೀಂ ಕೋರ್ಟ್ ಇದಕ್ಕೆ ಹತ್ತಿರದ ಮಾತನ್ನೇ ಪೊಲೀಸರಿಗೆ ಹೇಳಿತು. ರಾಜ್ಯಸಭಾ ಸದಸ್ಯ ಇಮ್ರಾನ್ ಪ್ರತಾಪ್‌ಗಢಿ ಅವರು ಸಾಮಾಜಿಕ ಜಾಲತಾಣದಲ್ಲಿ ಹಾಕಿದ ವಿಡಿಯೊದ ಹಿನ್ನೆಲೆಯಲ್ಲಿ ಕೇಳಿಬರುವ ಕವನಕ್ಕಾಗಿ ಗುಜರಾತಿನ ಜಾಮ್‌ನಗರದಲ್ಲಿ ಎಫ್‌ಐಆರ್ ದಾಖಲಾಗಿತ್ತು. ಹಿಂದೆ ನಮ್ಮ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಅಭಯ್ ಓಕಾ ಅವರಿದ್ದ ಪೀಠ ಅದನ್ನು ರದ್ದುಪಡಿಸಿತು. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಮಾತಿನ ಅಪರಾಧಗಳಲ್ಲಿ ಎಫ್‌ಐಆರ್‌ಗೆ ಮುನ್ನ ನಾಗರಿಕ ಸುರಕ್ಷಾ ಸಂಹಿತೆಯ 173(3)ನೇ ಕಲಮಿನಂತೆ ಪ್ರಾಥಮಿಕ ವಿಚಾರಣೆ ನಡೆಸುವುದೇ ಸೂಕ್ತ ಎಂದಿತು. ಅದಕ್ಕೆ 14 ದಿನಗಳ ಅವಧಿ ಇದೆ. ಮಾತನ್ನು ಅಳೆಯುವಾಗ ಸದಾ ಅಭದ್ರತೆಯಲ್ಲಿರುವ ದುರ್ಬಲ ಮನಸ್ಸಿನವರ ಅಳತೆಗೋಲು ಬಳಸಕೂಡದು, ದೃಢ ಮನಸ್ಸಿನ ವಿವೇಕಿಗಳ ಅಳತೆಗೋಲು ಬಳಸಬೇಕು ಎಂದೂ ಹೇಳಿತು.

ಇದೇ ಪ್ರಶ್ನೆಗಳನ್ನು ನಮ್ಮ ರಾಜ್ಯದ ಹೊಸ ಮಸೂದೆಗಳಿಗೂ ಕೇಳಬೇಕು. 2025ರ ಜೂನ್‌ನಲ್ಲಿ ಸುಳ್ಳು ಸುದ್ದಿ ತಡೆಯ ಕರಡು ಮಸೂದೆಯೊಂದು ಹೊರಬಂತು. ಏಳು ವರ್ಷದವರೆಗೆ ಜೈಲು, ವಿಶೇಷ ನ್ಯಾಯಾಲಯ ಮುಂತಾದ ಅಂಶಗಳು ಅದರಲ್ಲಿದ್ದವು. ಅದೇ ವರ್ಷ ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನದಲ್ಲಿ ದ್ವೇಷ ಭಾಷಣ ತಡೆ ಮಸೂದೆಗೆ ಸದನ ಒಪ್ಪಿಗೆ ನೀಡಿತು. ಮೊದಲ ಅಪರಾಧಕ್ಕೆ ಒಂದರಿಂದ ಏಳು ವರ್ಷ ಶಿಕ್ಷೆ. ದ್ವೇಷ ಭಾಷಣದ ಬಿಸಿ ತಟ್ಟಿದವರು ನಾವು. ಆದ್ದರಿಂದ ಇಂಥ ಕಾನೂನಿನ ಹೆಸರು ಕೇಳಿದ ಕೂಡಲೇ ನಮ್ಮವರಿಗೆ ಸಮಾಧಾನವಾಗುವುದು ಸಹಜ. ಆದರೆ ಸರ್ಕಾರಗಳು ಬದಲಾಗುತ್ತವೆ, ಕಾನೂನು ಉಳಿಯುತ್ತದೆ. ಇಂದು ನಮ್ಮ ಪರವಾಗಿ ಕಾಣುವ ಮಸುಕಾದ ಪದ ನಾಳೆ ಇನ್ನೊಬ್ಬರ ಕೈಯಲ್ಲಿ ನಮ್ಮ ಮಗನ ಮೇಲೆಯೇ ತಿರುಗಬಹುದು. ಬೀದರ್‌ನ ತಾಯಿ ಅದಕ್ಕೆ ಸಾಕ್ಷಿ. ಆದ್ದರಿಂದ ಕಾನೂನು ಬೇಡ ಎನ್ನುವುದು ನಮ್ಮ ನಿಲುವಲ್ಲ. ಹಿಂಸೆಗೆ ಕರೆ, ಬಹಿಷ್ಕಾರಕ್ಕೆ ಕರೆ, ಬೆದರಿಕೆ ಎಂದು ಹೆಸರಿಟ್ಟು ಹೇಳುವ ಕಾನೂನು ಬೇಕು, ಯಾರ ಮನಸ್ಸಿಗೆ ಬಂದಂತೆ ಹಿಗ್ಗುವ ಕಾನೂನು ಬೇಡ ಎಂಬುದು ನಮ್ಮ ನಿಲುವು.

ನಮಗೇ ನೋವಾದಾಗ

ಈಗ ಕಠಿಣ ಪ್ರಶ್ನೆಗೆ ಬರೋಣ. ನಮ್ಮ ಪ್ರಾಣಕ್ಕಿಂತ ಪ್ರಿಯರಾದ ಪ್ರವಾದಿ(ಸ)ರ ಬಗ್ಗೆ ಯಾರಾದರೂ ಹೊಲಸು ಬರೆದಾಗ ಏನು ಮಾಡಬೇಕು?

2020ರ ಆಗಸ್ಟ್ 11ರ ರಾತ್ರಿ ಬೆಂಗಳೂರಿನ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಯಲ್ಲಿ ಏನಾಯಿತೆಂದು ನೆನಪಿಸಿಕೊಳ್ಳಿ. ಒಬ್ಬನ ಒಂದು ಫೇಸ್‌ಬುಕ್ ಪೋಸ್ಟ್. ಠಾಣೆಯ ಮುಂದೆ ಗುಂಪು. ಬೆಂಕಿ. ಗೋಲಿಬಾರು. ಯುವಕರು ಪ್ರಾಣ ಕಳೆದುಕೊಂಡರು. ನೂರಾರು ಮಂದಿ ಬಂಧಿತರಾದರು. ಹಲವರ ಮೇಲೆ ಯುಎಪಿಎ ಬಿತ್ತು. ಪೋಸ್ಟ್ ಹಾಕಿದವನನ್ನು ಪೊಲೀಸರು ಬಂಧಿಸಿದ್ದರು, ಆ ಕೆಲಸ ಕಾನೂನಿನ ದಾರಿಯಲ್ಲೇ ಆಗುತ್ತಿತ್ತು. 2022ರ ಏಪ್ರಿಲ್‌ನಲ್ಲಿ ಹಳೇ ಹುಬ್ಬಳ್ಳಿಯಲ್ಲಿ ಒಂದು ವಾಟ್ಸ್ಆ್ಯಪ್ ಸ್ಟೇಟಸ್ ಕಾರಣಕ್ಕೆ ಇದೇ ಕಥೆ ಮರುಕಳಿಸಿತು. ನೂರಕ್ಕೂ ಹೆಚ್ಚು ಮಂದಿ ಜೈಲು ಸೇರಿದರು. 2024ರಲ್ಲಿ ರಾಜ್ಯ ಸರ್ಕಾರ ಆ ಮೊಕದ್ದಮೆ ಹಿಂಪಡೆಯಲು ಹೊರಟಿತು. 2025ರ ಮೇ ತಿಂಗಳಲ್ಲಿ ಹೈಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ಒಂದು ರಾತ್ರಿಯ ಸಿಟ್ಟಿಗೆ ತಾಯಂದಿರು ವರ್ಷಗಟ್ಟಲೆ ಕೋರ್ಟಿನ ಮೆಟ್ಟಿಲು ಹತ್ತಿಳಿದಿದ್ದಾರೆ.

ಡಿ.ಜೆ. ಹಳ್ಳಿಯ ಅದೇ ರಾತ್ರಿ ಕೆಲವು ಮುಸ್ಲಿಮ್ ಯುವಕರು ಕೈಕೈ ಹಿಡಿದು ದೇವಸ್ಥಾನವೊಂದರ ಸುತ್ತ ಸರಪಳಿಯಾಗಿ ನಿಂತು ಅದನ್ನು ಕಾಪಾಡಿದರು. ಪ್ರವಾದಿ(ಸ)ರ ಮೇಲಿನ ಪ್ರೀತಿಯನ್ನು ತೋರಿಸಿದವರು ಯಾರೆಂದು ನಾವೇ ಯೋಚಿಸೋಣ. ತಾಯಿಫ್‌ನಲ್ಲಿ ಕಲ್ಲೇಟು ತಿಂದ ಪ್ರವಾದಿ(ಸ)ರು ಆ ಊರಿನ ನಾಶ ಬೇಡಲಿಲ್ಲ.

ನಮ್ಮಲ್ಲಿ ಇನ್ನೊಂದು ಅಭ್ಯಾಸವಿದೆ. ಹೊಲಸು ಪೋಸ್ಟ್ ಕಂಡ ಕೂಡಲೇ "ನೋಡಿ, ಹೇಗೆ ಬರೆದಿದ್ದಾನೆ" ಎಂದು ನೂರು ಗ್ರೂಪಿಗೆ ಹಾಕುತ್ತೇವೆ. ಹತ್ತು ಜನ ನೋಡಿದ್ದನ್ನು ಹತ್ತು ಸಾವಿರ ಜನಕ್ಕೆ ಮುಟ್ಟಿಸಿದವರು ಆಗ ಯಾರು? ನಾವೇ. ಸ್ಕ್ರೀನ್‌ಶಾಟ್ ತೆಗೆದಿಟ್ಟು, ಕಂಪನಿಗೆ ರಿಪೋರ್ಟ್ ಮಾಡಿ, ಹಿರಿಯರ ಮೂಲಕ ಲಿಖಿತ ದೂರು ಕೊಡಿ. ಅಲ್ಲಿಗೆ ನಮ್ಮ ಕೆಲಸ ಮುಗಿಯಿತು.

ಹಾಗೆಯೇ ಇನ್ನೊಬ್ಬರ ದೇವರುಗಳನ್ನು ನಿಂದಿಸಕೂಡದೆಂದು ಸೂರಃ ಅನ್‌ಆಮ್‌ನ 108ನೇ ವಚನ ನಮ್ಮನ್ನು ತಡೆದಿದೆ. ಗೋಗಿಯ ಚಂದಾ ಹುಸೇನಿ ದರ್ಗಾಕ್ಕೂ ತಿಂಥಣಿಯ ಮೌನೇಶ್ವರನ ಸನ್ನಿಧಿಗೂ ಎರಡೂ ಕಡೆಯ ಜನ ನಡೆದುಕೊಳ್ಳುವ ನಾಡು ನಮ್ಮದು. ಊರಿನ ಮೊಹರಂನಲ್ಲಿ ಎಲ್ಲ ಜಾತಿಯವರೂ ಹೆಜ್ಜೆ ಹಾಕುತ್ತಾರೆ. ಶತಮಾನಗಳಿಂದ ಕಟ್ಟಿದ ಈ ಬಾಳನ್ನು ಹದಿನೈದು ಸೆಕೆಂಡಿನ ರೀಲ್ಸ್‌ಗೆ ಒಪ್ಪಿಸಿಬಿಡಬೇಡಿ.

ಮತ್ತೊಂದು ಮಾತು. ಮಸೀದಿ ಕಮಿಟಿಯ ಲೆಕ್ಕ ಕೇಳಿದ ಹುಡುಗನ ಮೇಲೆ, ವರದಕ್ಷಿಣೆಯ ಬಗ್ಗೆ ಬರೆದ ಹೆಣ್ಣುಮಗಳ ಮೇಲೆ ನಮ್ಮವರೇ ಗುಂಪಾಗಿ ಬೀಳುವುದುಂಟು. ಅವರ ತಂದೆ-ತಾಯಿಯನ್ನು ಎಳೆದು ಬೈಯುವುದುಂಟು. ನ್ಯಾಯಕ್ಕೆ ಸಾಕ್ಷಿಗಳಾಗಿ ನಿಲ್ಲಿ, ಅದು ನಿಮ್ಮ ವಿರುದ್ಧವೇ ಇದ್ದರೂ ಸರಿ ಎಂಬುದು ಸೂರಃ ನಿಸಾದ 135ನೇ ವಚನದ ಆಶಯ. ಸರ್ಕಾರ ನಮ್ಮ ಟೀಕೆ ಸಹಿಸಬೇಕೆಂದು ಕೇಳುವ ನಾವು ನಮ್ಮ ಟೀಕೆಯನ್ನು ಸಹಿಸಬೇಕು. ತಕ್ಕಡಿ ಒಂದೇ ಎಂದೆವಲ್ಲ, ಅದರ ಪರೀಕ್ಷೆ ಇಲ್ಲಿದೆ.

ಮನೆಯಲ್ಲಿ ಮತ್ತು ಜಮಾಅತಿನಲ್ಲಿ

ಸಹೋದರರೇ, ನಮ್ಮ ಮೂರೂ ತಾಲ್ಲೂಕಿನಿಂದ ಬಹಳಷ್ಟು ಮನೆಗಳವರು ಬೆಂಗಳೂರು, ಮುಂಬೈ, ಹೈದರಾಬಾದಿಗೆ ದುಡಿಯಲು ಹೋಗುತ್ತಾರೆ. ಮಕ್ಕಳು ಅಜ್ಜ-ಅಜ್ಜಿಯ ಹತ್ತಿರ ಇರುತ್ತಾರೆ. ಕೈಯಲ್ಲಿ ಫೋನಿರುತ್ತದೆ, ಹೇಳಿಕೊಳ್ಳಲು ಹತ್ತಿರದಲ್ಲಿ ತಂದೆ ಇರುವುದಿಲ್ಲ. ಅಂಥ ಮನೆಯ ಹುಡುಗಿಯ ಚಿತ್ರವನ್ನು ಯಾರೋ ತಿರುಚಿ ಹಣ ಕೇಳಿದರೆ ಆಕೆ ಯಾರಿಗೆ ಹೇಳಬೇಕು? ಮನೆಯಲ್ಲಿ ಹೇಳಿದರೆ ಫೋನು ಕಿತ್ತುಕೊಂಡು, ಕಾಲೇಜು ಬಿಡಿಸಿ, ಅವಸರದಲ್ಲಿ ಮದುವೆ ಮಾಡುತ್ತಾರೆಂಬ ಭಯ. ಆ ಭಯವೇ ಬೆದರಿಸುವವನ ಬಂಡವಾಳ. ಮಗಳು ಭಯವಿಲ್ಲದೆ ಹೇಳಿಕೊಳ್ಳಬಹುದಾದ ಮನೆಯಲ್ಲಿ ಅವನ ಆಟ ನಡೆಯುವುದಿಲ್ಲ.

ಇಫ್ಕ್ ಸುದ್ದಿ ಹರಡಿದಾಗ ಅಬೂ ಅಯ್ಯೂಬ್ ಅನ್ಸಾರಿ(ರ) ದಂಪತಿಗಳು ತಮ್ಮತಮ್ಮನ್ನೇ ಆ ಸ್ಥಾನದಲ್ಲಿಟ್ಟು ನೋಡಿಕೊಂಡರು, ನಾವು ಮಾಡಲಾರದ್ದನ್ನು ನಮಗಿಂತ ಉತ್ತಮರು ಮಾಡಿಯಾರೇ ಎಂದು ಆ ಮಾತನ್ನು ತಳ್ಳಿಹಾಕಿದರು ಎಂದು ಸೀರತ್ ಗ್ರಂಥಗಳಲ್ಲಿದೆ. ಕೆಟ್ಟ ಚಿತ್ರ ನಿಮ್ಮ ಫೋನಿಗೆ ಬಂದಾಗ ನಿಮ್ಮ ತಂಗಿಯನ್ನು ಆ ಜಾಗದಲ್ಲಿಟ್ಟು ನೋಡಿ. ಅಳಿಸಿ, ಮುಂದಕ್ಕೆ ಕಳಿಸಬೇಡಿ, ಚಹಾದಂಗಡಿಯಲ್ಲಿ ಅದರ ಮಾತೇ ಎತ್ತಬೇಡಿ. ಒಬ್ಬರ ಕುಂದು ಮುಚ್ಚಿದವನ ಕುಂದನ್ನು ಅಲ್ಲಾಹನು ಮುಚ್ಚುವನೆಂಬ ವಾಗ್ದಾನವಿದೆ.

ಹೀಗೆ ಆದಾಗ ಮಾಡಬೇಕಾದ ಕೆಲಸ ಇಷ್ಟು. ಗಾಬರಿಯಲ್ಲಿ ಮೆಸೇಜ್ ಅಳಿಸಬೇಡಿ. ದಿನಾಂಕ, ಫೋನ್ ನಂಬರ್, ಖಾತೆಯ ಹೆಸರು ಮತ್ತು ಲಿಂಕ್ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಹಣ ಕೊಡಬೇಡಿ, ಕೊಟ್ಟರೆ ಮತ್ತೆ ಕೇಳುತ್ತಾನೆ. ಖಾತೆಯನ್ನು ರಿಪೋರ್ಟ್ ಮಾಡಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಮಹಿಳೆಯರು ಮತ್ತು ಮಕ್ಕಳ ಚಿತ್ರದ ವಿಷಯದಲ್ಲಿ ಹೆಸರು ಹೇಳದೆಯೂ ಅಲ್ಲಿ ದೂರು ಕೊಡುವ ಅವಕಾಶವಿದೆ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ, ಮಕ್ಕಳ ವಿಷಯವಾದರೆ 1098ಕ್ಕೆ, ತುರ್ತಿದ್ದರೆ 112ಕ್ಕೆ ಕರೆ ಮಾಡಿ. ಸಮೀಪದ ಯಾವುದೇ ಠಾಣೆಗೆ ಹೋಗಬಹುದು. ಘಟನೆ ನಮ್ಮ ಸರಹದ್ದಿನಲ್ಲಿ ನಡೆದಿಲ್ಲ ಎಂಬ ಕಾರಣಕ್ಕೆ ದೂರು ನಿರಾಕರಿಸುವಂತಿಲ್ಲವೆಂದು ಹೊಸ ಕಾನೂನಿನ 173ನೇ ಕಲಂ ಹೇಳುತ್ತದೆ.

ಜಮಾಅತಿನ ಹಿರಿಯರಲ್ಲಿ ಒಂದು ವಿನಂತಿ. ಇಂಥ ವಿಷಯ ಬಂದಾಗ "ಊರಲ್ಲಿ ಮಾನ ಹೋಗುತ್ತದೆ" ಎಂದು ಇಬ್ಬರನ್ನೂ ಕೂರಿಸಿ ರಾಜಿ ಮಾಡಿ ಕಳಿಸುವ ಪದ್ಧತಿ ಬಿಡೋಣ. ಸಂತ್ರಸ್ತೆ ಅಪ್ರಾಪ್ತೆಯಾಗಿದ್ದರೆ ರಾಜಿ ಮಾಡುವ ಅಧಿಕಾರವೇ ನಮಗಿಲ್ಲ. ಲೈಂಗಿಕ ಅಪರಾಧ ತಿಳಿದೂ ತಿಳಿಸದಿರುವುದು ಪೋಕ್ಸೋ ಕಾಯ್ದೆಯಡಿ ಅಪರಾಧ. ತಪ್ಪಿತಸ್ಥ ನಮ್ಮ ಮನೆಯ ಹುಡುಗನೇ ಆಗಿದ್ದರೆ? ಅನ್ಯಾಯ ಮಾಡುವ ಸಹೋದರನಿಗೂ ನೆರವಾಗಿ, ಅವನ ಕೈ ಹಿಡಿದು ತಡೆಯುವುದೇ ಆ ನೆರವು ಎಂದು ಪ್ರವಾದಿ(ಸ)ರು ತಿಳಿಸಿಕೊಟ್ಟಿದ್ದಾರೆ. ಹಾಗೆಯೇ ಯಾವುದೋ ಟೀಕೆಗಾಗಿ ನಮ್ಮ ಹುಡುಗನಿಗೆ ಠಾಣೆಯಿಂದ ಕರೆ ಬಂದರೆ ಓಡಿಹೋಗಬೇಡಿ, ಗುಂಪು ಕಟ್ಟಬೇಡಿ. ವಕೀಲರ ಜೊತೆ ಹೋಗಿ. ಏಳು ವರ್ಷದೊಳಗಿನ ಶಿಕ್ಷೆಯ ಪ್ರಕರಣದಲ್ಲಿ ಸಾಮಾನ್ಯವಾಗಿ ಮೊದಲು ನೋಟಿಸ್ ಕೊಡಬೇಕು, ಬಂಧಿಸುವುದಾದರೆ ಕಾರಣ ಬರೆದಿಡಬೇಕು. ವಕೀಲರ ಶುಲ್ಕ ಕೊಡಲಾಗದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಉಚಿತ ನೆರವಿದೆ.

ಕೊನೆಯದಾಗಿ, ಕಿಯಾಮತ್ತಿನ ದಿನ ದಿವಾಳಿಯಾಗುವವನ ಬಗ್ಗೆ ಪ್ರವಾದಿ(ಸ)ರು ಹೇಳಿದ್ದನ್ನು ನೆನಪಿಡೋಣ. ಅವನು ನಮಾಝ್, ಉಪವಾಸ, ಝಕಾತ್ ಎಲ್ಲವನ್ನೂ ಹೊತ್ತು ಬರುತ್ತಾನೆ. ಆದರೆ ಒಬ್ಬರನ್ನು ಬೈದಿರುತ್ತಾನೆ, ಇನ್ನೊಬ್ಬರ ಮೇಲೆ ಸುಳ್ಳು ಆರೋಪ ಹೊರಿಸಿರುತ್ತಾನೆ. ಅವನ ಪುಣ್ಯಗಳೆಲ್ಲ ಅವರಿಗೆ ಹಂಚಿಹೋಗುತ್ತವೆ. ನಕಲಿ ಹೆಸರಿನ ಖಾತೆಗೆ ಅಲ್ಲಿ ಮರೆಯಿಲ್ಲ. ಇಲ್ಲಿ ಸತ್ಯ ಹೇಳಿ ಮೊಕದ್ದಮೆ ಎದುರಿಸಿದವನ ಮಾತು ಅಲ್ಲಿ ಕಳೆದುಹೋಗುವುದೂ ಇಲ್ಲ.

ಯಾ ಅಲ್ಲಾಹ್, ನಮ್ಮ ನಾಲಿಗೆಯನ್ನೂ ಬೆರಳನ್ನೂ ಸುಳ್ಳಿನಿಂದ ಕಾಪಾಡು. ಅನ್ಯಾಯದ ಮುಂದೆ ಅವು ಮೂಕವಾ‌ಗದಂತೆ ಮಾಡು. ನಮ್ಮ ಹೆಣ್ಣುಮಕ್ಕಳ ಮಾನವನ್ನೂ ನಮ್ಮ ಯುವಕರ ಬಾಳನ್ನೂ ರಕ್ಷಿಸು. ಅನ್ಯಾಯವಾಗಿ ಜೈಲಿನಲ್ಲಿರುವ ಎಲ್ಲರಿಗೂ ಬಿಡುಗಡೆ ನೀಡು. ಭೀಮೆ-ಕೃಷ್ಣೆಯರ ನಡುವಿನ ಈ ನಾಡಿನಲ್ಲಿ ಎಲ್ಲರೂ ನಿರ್ಭಯವಾಗಿ ಮಾತಾಡಿ, ಗೌರವದಿಂದ ಬಾಳುವಂತೆ ಮಾಡು. ಆಮೀನ್.